ಹಿಮದ ರಸ್ತೆಯಲ್ಲಿ ಎಬಿಎಸ್: ಪೆಡಲ್ ಅದುರಿದಾಗ ಕಾಲು ತೆಗೆಯಬೇಡಿ

ಟೊರೊಂಟೊ, ಮಿನಿಯಾಪೊಲಿಸ್, ಮ್ಯೂನಿಕ್ ಕಡೆ ಮೊದಲ ಚಳಿಗಾಲ ಕಾಣುತ್ತಿರುವವರು ಮತ್ತೆ ಮತ್ತೆ ಕೇಳುವುದು ಇದನ್ನೇ: "ಕಾರಿನಲ್ಲಿ ಎಬಿಎಸ್ ಇದೆ. ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಗಡಗಡ ಅದುರಿತು, ಕಾರು ಮಾತ್ರ ಗೆರೆ ದಾಟಿ ಜಾರಿಕೊಂಡೇ ಹೋಯಿತು. ಬ್ರೇಕ್ ಕೆಟ್ಟಿದೆಯೇ?"

ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್, ತನ್ನ ಕೆಲಸ ಮಾಡಿದೆ. ಆ ಕೆಲಸ ಏನೆಂದು ನಾವು ಅಂದುಕೊಂಡಿದ್ದೇವೋ ಅದು ತಪ್ಪು. ಎಬಿಎಸ್ ಇರುವುದು ಬ್ರೇಕ್ ಒತ್ತಿದಾಗಲೂ ಸ್ಟಿಯರಿಂಗ್ ನಿಮ್ಮ ಮಾತು ಕೇಳುವಂತೆ ಮಾಡಲು. ಮಂಜುಗಡ್ಡೆಯ ಮೇಲೆ ಕಾರನ್ನು ಬೇಗ ನಿಲ್ಲಿಸುವುದು ಅದರ ಕೈಯಲ್ಲಿಲ್ಲ. ಅದು ಟೈರಿನ ಮತ್ತು ನಿಮ್ಮ ವೇಗದ ಕೈಯಲ್ಲಿದೆ.

ಒಳಗೆ ನಡೆಯುವುದೇನು

ನಾಲ್ಕೂ ಚಕ್ರಗಳ ಬಳಿ ಒಂದೊಂದು ವೇಗ ಸಂವೇದಕ ಇರುತ್ತದೆ. ಗ್ಯಾರೇಜಿನವರು ವೀಲ್ ಸ್ಪೀಡ್ ಸೆನ್ಸರ್ ಎನ್ನುವುದು ಇದನ್ನೇ. ಚಕ್ರದ ಜೊತೆ ತಿರುಗುವ ಹಲ್ಲಿನ ಉಂಗುರವನ್ನೋ ಕಾಂತೀಯ ಉಂಗುರವನ್ನೋ ಇದು ಓದುತ್ತದೆ. ನೀವು ಬ್ರೇಕ್ ಒತ್ತಿದಾಗ ಯಾವುದಾದರೂ ಚಕ್ರದ ವೇಗ, ಕಾರಿನ ವೇಗಕ್ಕೆ ಹೊಂದದಷ್ಟು ಥಟ್ಟನೆ ಕುಸಿದರೆ, ಆ ಚಕ್ರ ಕಚ್ಚಿಕೊಂಡು ಜಾರಲಿದೆ ಎಂದು ಅರ್ಥ. ಇದನ್ನೇ ಚಕ್ರ ಲಾಕ್ ಆಗುವುದು ಎನ್ನುತ್ತೇವೆ. ಆಗ ನಿಯಂತ್ರಣ ಪೆಟ್ಟಿಗೆ ಆ ಒಂದು ಚಕ್ರದ ಬ್ರೇಕ್ ಎಣ್ಣೆಯ ಒತ್ತಡವನ್ನು ಕವಾಟ ತೆರೆದು ಇಳಿಸುತ್ತದೆ. ಚಕ್ರ ಮತ್ತೆ ಉರುಳತೊಡಗಿದ ಕೂಡಲೇ ಒತ್ತಡ ಏರಿಸುತ್ತದೆ. ಸೆಕೆಂಡಿಗೆ 10–15 ಬಾರಿ ಹೀಗೆ ನಡೆಯಬಲ್ಲದು. ಕಾಲಿಗೆ ತಾಗುವ ಅದುರು, ಕಿವಿಗೆ ಬೀಳುವ ಗರಗರ ಸದ್ದು, ಎರಡೂ ಈ ಕವಾಟ ಮತ್ತು ಪಂಪಿನವು.

ಉರುಳುವ ಚಕ್ರಕ್ಕೆ ದಿಕ್ಕು ಇರುತ್ತದೆ, ಕಚ್ಚಿಕೊಂಡ ಚಕ್ರಕ್ಕೆ ಇರುವುದಿಲ್ಲ. ಲಾಕ್ ಆದ ಮುಂದಿನ ಚಕ್ರಗಳನ್ನು ನೀವು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಕಾರು ನೇರವಾಗಿ ಜಾರುತ್ತಲೇ ಇರುತ್ತದೆ. ಎಬಿಎಸ್ ತಪ್ಪಿಸುವುದು ಇದನ್ನು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಬಂದಾಗಿನಿಂದಲೂ ಮೂಲ ತತ್ವ ಇದೇ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಿದೆ. ಹಾಗಾಗಿ ಊರಿನಲ್ಲಿ ಹೊಸ ಕಾರು ಓಡಿಸಿದವರ ಕಾಲ ಕೆಳಗೂ ಇದು ಇದ್ದೇ ಇತ್ತು. ಒಣ ರಸ್ತೆಯಲ್ಲಿ ಏಳುವ ಸಂದರ್ಭ ಕಡಿಮೆ, ಅಷ್ಟೆ.

ಲೆಕ್ಕ ಒಮ್ಮೆ ನೋಡಿ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಪೂರ್ತಿ ಬ್ರೇಕ್ ಒತ್ತಿದಿರಿ ಎನ್ನಿ. ಟೈರು–ರಸ್ತೆ ನಡುವಿನ ಹಿಡಿತವನ್ನು ಘರ್ಷಣಾಂಕ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಒಣ ಡಾಂಬರಿನಲ್ಲಿ ಅದು ಸುಮಾರು 0.8, ತುಳಿದು ಗಟ್ಟಿಯಾದ ಹಿಮದಲ್ಲಿ 0.25ರ ಆಸುಪಾಸು, ನುಣ್ಣನೆಯ ಮಂಜುಗಡ್ಡೆಯಲ್ಲಿ 0.1. ನಿಲ್ಲಲು ಬೇಕಾದ ದೂರ ಹೀಗೆ ಬರುತ್ತದೆ:

- ಒಣ ಡಾಂಬರು: ಸುಮಾರು 12 ಮೀಟರ್
- ಗಟ್ಟಿ ಹಿಮ: ಸುಮಾರು 39 ಮೀಟರ್
- ಮಂಜುಗಡ್ಡೆ: ಸುಮಾರು 98 ಮೀಟರ್

ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ ಕಾರು ಇನ್ನೂ 21 ಮೀಟರ್ ಸಾಗಿರುತ್ತದೆ. ಅದನ್ನೂ ಸೇರಿಸಿಕೊಳ್ಳಿ. ಮಂಜುಗಡ್ಡೆ ಕರಗುವ ಹಂತದಲ್ಲಿದ್ದು ಮೇಲೆ ತೆಳು ನೀರು ನಿಂತಿದ್ದರೆ ಹಿಡಿತ 0.05ಕ್ಕೂ ಇಳಿಯಬಹುದು; ಆಗ 98 ಮೀಟರ್ ಹೋಗಿ ಸುಮಾರು 200 ಮೀಟರ್ ಆಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನ ದಿನ, ಮೈನಸ್ 20ರ ದಿನಕ್ಕಿಂತ ಹೆಚ್ಚು ಜಾರುವುದು ಇದಕ್ಕೇ.

ಇದೇ ಲೆಕ್ಕದಲ್ಲಿ ಒಳ್ಳೆಯ ಸುದ್ದಿಯೂ ಇದೆ. ದೂರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 50ರಿಂದ 35ಕ್ಕೆ ಇಳಿದರೆ ಮಂಜುಗಡ್ಡೆಯಲ್ಲಿ ನಿಲ್ಲುವ ದೂರ ಅರ್ಧಕ್ಕೆ, ಸುಮಾರು 48 ಮೀಟರಿಗೆ ಬರುತ್ತದೆ. ಬ್ರೇಕಿಗೆ ಹಾಕುವ ಯಾವ ಬೆಲೆಯ ಬಿಡಿಭಾಗವೂ ಇಷ್ಟು ಕೊಡುವುದಿಲ್ಲ.

ಇನ್ನೊಂದು ವಿಷಯ ಹಲವರನ್ನು ಗೊಂದಲಕ್ಕೆ ಕೆಡವುತ್ತದೆ. ಹೊಸದಾಗಿ ಬಿದ್ದ ಸಡಿಲ ಹಿಮದಲ್ಲೂ ಜಲ್ಲಿಯಲ್ಲೂ ಎಬಿಎಸ್ ಇರುವ ಕಾರು ಇಲ್ಲದ ಕಾರಿಗಿಂತ *ಹೆಚ್ಚು* ದೂರ ಹೋಗಿ ನಿಲ್ಲಬಹುದು. ಕಚ್ಚಿಕೊಂಡ ಚಕ್ರ ತನ್ನ ಮುಂದೆ ಹಿಮವನ್ನು ದಿಬ್ಬ ಒಟ್ಟಿಕೊಳ್ಳುತ್ತದೆ, ಆ ದಿಬ್ಬವೇ ಅಡ್ಡಗಟ್ಟುತ್ತದೆ. ಉರುಳುವ ಚಕ್ರ ದಿಬ್ಬ ಹತ್ತಿ ದಾಟಿಬಿಡುತ್ತದೆ. ಹಾಗಾದರೆ ಫ್ಯೂಸ್ ಕಿತ್ತು ಎಬಿಎಸ್ ಆರಿಸಿಡೋಣವೇ? ಬೇಡ. ಸಡಿಲ ಹಿಮದ ಕೆಳಗೆ ಮಂಜುಗಡ್ಡೆ ಇರುತ್ತದೆ, ಅಲ್ಲಿ ಸ್ಟಿಯರಿಂಗ್ ಇಲ್ಲದ ಕಾರು ಎದುರು ಲೇನಿಗೆ ಹೋಗುತ್ತದೆ. ಜಾರುವಾಗ ಕಾರು ಗಿರಕಿ ಹೊಡೆಯದಂತೆ ನೋಡಿಕೊಳ್ಳುವ ಸ್ಥಿರತಾ ನಿಯಂತ್ರಣವೂ ಇದೇ ಸಂವೇದಕ, ಇದೇ ಕವಾಟಗಳನ್ನು ಬಳಸುವುದರಿಂದ ಫ್ಯೂಸ್ ಕಿತ್ತರೆ ಅದೂ ಹೋಗುತ್ತದೆ.

ಹಂತ 1: ಟೈರು, ಅಕ್ಟೋಬರ್ ಮುಗಿಯುವುದರೊಳಗೆ

ಎಬಿಎಸ್ ಹಂಚಿಕೊಡುವುದು ಟೈರು ತಂದುಕೊಟ್ಟ ಹಿಡಿತವನ್ನು ಮಾತ್ರ. ತಾನಾಗಿ ಹಿಡಿತ ಹುಟ್ಟಿಸಲಾರದು.

ಬೇಸಿಗೆ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತದೆ, ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. ಬರೀ "ಎಂ+ಎಸ್" (ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದು ಅಚ್ಚಾಗಿದ್ದರೆ ಅದು ಹಿಮದ ಪರೀಕ್ಷೆ ಪಾಸಾದ ಟೈರು ಎಂದು ಅರ್ಥವಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಜರ್ಮನಿಯಲ್ಲಿ ತಾರೀಖಿನ ಲೆಕ್ಕವಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಕಾರಿನಲ್ಲಿ ಬೆಟ್ಟ–ಹರಳಿನ ಗುರುತಿನ ಟೈರು ಇರಲೇಬೇಕು.

ಎಲ್ಲರೂ ಮಾಡುವ ತಪ್ಪುಗಳು ಮೂರು. ದುಡ್ಡು ಉಳಿಸಲು ಎರಡೇ ಟೈರು ಕೊಂಡು ಮುಂದೆ ಹಾಕುವುದು ಮೊದಲನೆಯದು: ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರುತ್ತದೆ, ಬ್ರೇಕ್ ಒತ್ತಿದಾಗ ಕಾರು ಗಿರಕಿ ಹೊಡೆಯುತ್ತದೆ. ನಾಲ್ಕೂ ಹಾಕಿ. ಎರಡನೆಯದು, ಟೈರಿನ ಮೈಮೇಲೆ ಕಾನೂನಿನ 1.6 ಮಿ.ಮೀ. ಆಳದ ಗೀರು ಉಳಿದಿದೆಯಲ್ಲ ಎಂದು ಸಮಾಧಾನಪಡುವುದು. ಹಿಮಕ್ಕೆ ಕನಿಷ್ಠ 4 ಮಿ.ಮೀ. ಬೇಕು, ಆಸ್ಟ್ರಿಯಾದಲ್ಲಿ ಅದಕ್ಕಿಂತ ಸವೆದದ್ದನ್ನು ಚಳಿಗಾಲದ ಟೈರು ಎಂದು ಒಪ್ಪುವುದೇ ಇಲ್ಲ. ಮೂರನೆಯದು ಗಾಳಿ. ತಾಪಮಾನ 5–6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ ತುಂಬಿಸಿ ಮೈನಸ್ 15ಕ್ಕೆ ಹೊರಟರೆ 6 ಪಿಎಸ್‌ಐ ಹೋಯಿತು. ತಣ್ಣಗಿರುವಾಗ, ಹೊರಗೆ, ಅಳೆಯಿರಿ.

ನಾಲ್ಕು ಚಕ್ರದ ಎಳೆತ (ಫೋರ್ ವೀಲ್ ಡ್ರೈವ್) ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಅದು ಹೊರಡಲು ಸಹಾಯ ಮಾಡುತ್ತದೆ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ.

ಹಂತ 2: ಗ್ಯಾರೇಜಿನಲ್ಲಿ ಕೇಳಿ ಮಾಡಿಸಬೇಕಾದದ್ದು

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಅದಕ್ಕೇ ಬಹುತೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಚಳಿ ದೇಶದಲ್ಲಿ ಇನ್ನೊಂದು ಕಾರಣವಿದೆ: ತಣ್ಣಗಾದ ಎಣ್ಣೆ ಗಟ್ಟಿಯಾಗುತ್ತದೆ, ಸಣ್ಣ ಕವಾಟಗಳಲ್ಲಿ ನಿಧಾನ ಹರಿಯುತ್ತದೆ. ಕಾರಿನ ಕೈಪಿಡಿ "ಡಾಟ್ 4, ಕ್ಲಾಸ್ 6" ದರ್ಜೆಯ ಎಣ್ಣೆ ಕೇಳಿದ್ದರೆ ಅದನ್ನೇ ಹಾಕಿಸಿ. ಮೈನಸ್ 40 ಡಿಗ್ರಿಯಲ್ಲಿ ಸಾಮಾನ್ಯ ಡಾಟ್ 4ಕ್ಕೆ ಸೆಕೆಂಡಿಗೆ 1,800 ಚದರ ಮಿ.ಮೀ.ವರೆಗೆ ಸ್ನಿಗ್ಧತೆ ಬಿಟ್ಟಿದ್ದಾರೆ, ಕ್ಲಾಸ್ 6ಕ್ಕೆ 750 ದಾಟುವಂತಿಲ್ಲ. ಸ್ನಿಗ್ಧತೆ ಎಂದರೆ ಎಣ್ಣೆಯ ಮಂದತನ. ಸಿಲಿಕೋನ್ ಮೂಲದ ಡಾಟ್ 5 ಎಬಿಎಸ್ ಕಾರಿಗೆ ಬೇಡ. ಹೆಸರು ಹತ್ತಿರವಿದೆ ಎಂದು ಡಾಟ್ 5.1 ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಟೈರು ಬದಲಿಸಲು ಚಕ್ರ ಬಿಚ್ಚಿದಾಗಲೇ ಸಂವೇದಕದ ತಂತಿ ಸವೆದಿದೆಯೇ, ಸಂವೇದಕ ಕೂರುವ ಜಾಗದಲ್ಲಿ ತುಕ್ಕು ಉಬ್ಬಿದೆಯೇ ನೋಡಿಸಿ. ಏಕೆ ಎಂಬುದು ಕೊನೆಯಲ್ಲಿ ಬರುತ್ತದೆ.

ಹಂತ 3: ಖಾಲಿ ಜಾಗದಲ್ಲಿ ಎಬಿಎಸ್ ಎಬ್ಬಿಸಿ ನೋಡಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಕಂಬ, ಕಟ್ಟೆ, ನಿಂತ ಕಾರು ಯಾವುದೂ ಇಲ್ಲದ ದೊಡ್ಡ ಪಾರ್ಕಿಂಗ್ ಜಾಗ ಹುಡುಕಿ. ಖಾಸಗಿ ಜಾಗವಾದರೆ ಅನುಮತಿ ಕೇಳಿ.

1. ಸೀಟು ಸರಿಮಾಡಿಕೊಳ್ಳಿ. ಪೆಡಲ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಮಂಡಿ ನೆಟ್ಟಗಾದರೆ ಅದುರುವ ಪೆಡಲ್ ನಿಮ್ಮ ಕಾಲನ್ನು ಹಿಂದೆ ತಳ್ಳುತ್ತದೆ.
2. ಗಂಟೆಗೆ 25–30 ಕಿ.ಮೀ. ವೇಗಕ್ಕೆ ಬನ್ನಿ, ಸ್ಟಿಯರಿಂಗ್ ನೇರ ಇರಲಿ.
3. ಬ್ರೇಕನ್ನು ಒಂದೇ ಸಲ ಬಲವಾಗಿ ಒತ್ತಿ, ಕಾರು ನಿಲ್ಲುವವರೆಗೆ ಹಿಡಿದಿರಿ. ಅದುರು, ಗರಗರ ಸದ್ದು ಬರಬೇಕು.
4. ಎಷ್ಟು ದೂರ ಹೋಯಿತು ಎಂದು ಇಳಿದು ಹೆಜ್ಜೆ ಹಾಕಿ ಅಳೆಯಿರಿ. ಹೆಚ್ಚಿನವರು ಇಲ್ಲೇ ಬೆಚ್ಚುವುದು.
5. ಈಗ ಅದೇ ವೇಗದಲ್ಲಿ, ಬ್ರೇಕ್ ಒತ್ತಿ ಹಿಡಿದುಕೊಂಡೇ ಸ್ಟಿಯರಿಂಗನ್ನು ಕಾಲು ಸುತ್ತು ತಿರುಗಿಸಿ. ಕಾರು ನಿಧಾನವಾಗಿ ಆ ಕಡೆ ಹೊರಳುತ್ತದೆ.
6. ಕೊನೆಗೆ ಬೇಕೆಂದೇ ಪೂರ್ತಿ ತಿರುಗಿಸಿ ನೋಡಿ. ಕಾರು ಬಹುಮಟ್ಟಿಗೆ ನೇರವೇ ಹೋಗುತ್ತದೆ. ಟೈರಿಗೆ ಇರುವ ಹಿಡಿತ ಒಂದೇ ಗಂಟು. ಬ್ರೇಕಿಗೂ ತಿರುವಿಗೂ ಅದರಲ್ಲೇ ಪಾಲು. ಅತಿಯಾಗಿ ತಿರುಗಿಸಿದರೆ ಎರಡೂ ದಕ್ಕುವುದಿಲ್ಲ.

ಐದಾರು ಬಾರಿ ಮಾಡಿದರೆ ಕಾಲಿಗೆ ಅದುರಿನ ಪರಿಚಯವಾಗುತ್ತದೆ. ಪರಿಚಯವಿಲ್ಲದ ಕಾಲು, ಅದುರು ಬಂದ ಕೂಡಲೇ ಏನೋ ಮುರಿಯಿತು ಎಂದು ಬ್ರೇಕ್ ಬಿಟ್ಟುಬಿಡುತ್ತದೆ. ಬ್ರೇಕ್ ಅತಿ ಹೆಚ್ಚು ಬೇಕಾಗಿರುವ ಕ್ಷಣದಲ್ಲೇ ಹೀಗಾಗುತ್ತದೆ.

ಹಂತ 4: ದಿನವೂ ಹೊರಡುವಾಗ

ರಾತ್ರಿ ಹೊರಗೆ ನಿಂತ ಕಾರಿನ ಬ್ರೇಕ್ ಡಿಸ್ಕಿನ ಮೇಲೆ ಹಿಮ, ನೀರು, ಉಪ್ಪಿನ ಪೊರೆ ಇರುತ್ತದೆ. ಮೊದಲ ಒತ್ತು ಸಪ್ಪೆ. ಬೀದಿಗೆ ಬರುವ ಮೊದಲೇ, ಹಿಂದೆ ಯಾರೂ ಇಲ್ಲದಾಗ, ಎರಡು–ಮೂರು ಬಾರಿ ಮೆಲ್ಲಗೆ ಒತ್ತಿ ಒರೆಸಿಕೊಳ್ಳಿ. ಚಕ್ರದ ಗೂಡಿನಲ್ಲಿ ಕಟ್ಟಿದ ಹಿಮವನ್ನು ಒದ್ದು ಬೀಳಿಸಿ. ಬೂಟಿನ ಅಡಿಯ ಹಿಮವನ್ನೂ ಕೊಡವಿ, ಪೆಡಲ್ ಮೇಲೆ ಕಾಲು ಜಾರುವುದು ಇದರಿಂದಲೇ.

ಹಂತ 5: ಓಡಿಸುವಾಗ

ಮಲೆನಾಡಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವವರು ಕಾಲು ಇಡುವ ರೀತಿ ಗೊತ್ತಲ್ಲ? ಸಣ್ಣ ಹೆಜ್ಜೆ, ಥಟ್ಟನೆ ತಿರುಗುವುದಿಲ್ಲ, ಥಟ್ಟನೆ ನಿಲ್ಲುವುದಿಲ್ಲ. ಕಾರಿಗೂ ಹಾಗೆಯೇ.

ಮುಂದಿನ ಕಾರು ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ತಲುಪಲು ಒಣ ರಸ್ತೆಯಲ್ಲಿ 2–3 ಸೆಕೆಂಡು ಸಾಕು. ಹಿಮ, ಮಂಜುಗಡ್ಡೆಯಲ್ಲಿ 8–10 ಸೆಕೆಂಡು ಇಡಿ. ನಡುವೆ ಬೇರೆಯವರು ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಎಲ್ಲಿ ಜಾರುತ್ತದೆ ಎಂದು ಮೊದಲೇ ಊಹಿಸಬಹುದು. ಸೇತುವೆ ಮತ್ತು ಫ್ಲೈಓವರ್ ಕೆಳಗಿನಿಂದಲೂ ತಣ್ಣಗಾಗುವುದರಿಂದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ಮರದ, ಕಟ್ಟಡದ ನೆರಳಿನಲ್ಲಿ ಮಧ್ಯಾಹ್ನವೂ ಕರಗಿರುವುದಿಲ್ಲ. ಸಿಗ್ನಲ್‌ಗೆ ಮುಂಚಿನ ಹತ್ತಿಪ್ಪತ್ತು ಮೀಟರ್, ನಿಂತು ಹೊರಡುವ ಚಕ್ರಗಳು ಉಜ್ಜಿ ಉಜ್ಜಿ ಗಾಜಿನಂತಾಗಿರುತ್ತದೆ. ನಮ್ಮ ಓದುಗರ ಕಾರು ಗೆರೆ ದಾಟಿದ್ದು ಇಲ್ಲೇ ಇರಬೇಕು. ಬ್ಲ್ಯಾಕ್ ಐಸ್ ಎನ್ನುವುದು ಬಣ್ಣದ ಮಾತಲ್ಲ: ತೆಳ್ಳಗೆ, ಪಾರದರ್ಶಕವಾಗಿ ಕಟ್ಟಿದ ಮಂಜುಗಡ್ಡೆಯ ಮೂಲಕ ಡಾಂಬರು ಕಾಣುವುದರಿಂದ ಬರೀ ಒದ್ದೆ ರಸ್ತೆ ಎಂದು ಕಣ್ಣು ಮೋಸ ಹೋಗುತ್ತದೆ. ಮುಂದಿನ ಕಾರಿನ ಚಕ್ರದಿಂದ ನೀರು ಸಿಡಿಯುತ್ತಿಲ್ಲ, ಆದರೆ ರಸ್ತೆ ಹೊಳೆಯುತ್ತಿದೆ ಎಂದರೆ ಅದು ನೀರಲ್ಲ. ರಸ್ತೆಗೆ ಉಪ್ಪು ಹಾಕಿದ್ದಾರೆ ಎಂದು ನಂಬಿ ಕೂರಬೇಡಿ. ಸಾಮಾನ್ಯ ಉಪ್ಪು ಮೈನಸ್ 10ರ ಸುಮಾರಿಗೆ ಮಂದವಾಗುತ್ತದೆ.

ದಿನನಿತ್ಯದ ನಿಲುಗಡೆಗೆ ಬೇಗನೆ, ಮೆಲ್ಲಗೆ ಬ್ರೇಕ್ ಒತ್ತಿ. ಸುಮ್ಮನೆ ಸಿಗ್ನಲ್‌ಗೆ ನಿಲ್ಲುವಾಗ ಎಬಿಎಸ್ ಎದ್ದಿತೆಂದರೆ ನೀವು ತಡಮಾಡಿದ್ದೀರಿ ಎಂದೇ ಲೆಕ್ಕ. ಆಟೊಮ್ಯಾಟಿಕ್ ಕಾರಿನ ಎಂಜಿನ್ ಕಾಲು ಬಿಟ್ಟಾಗಲೂ ಚಕ್ರಗಳನ್ನು ಮೆಲ್ಲಗೆ ಮುಂದೆ ತಳ್ಳುತ್ತಿರುತ್ತದೆ. ಜೊತೆಗೆ ಗಂಟೆಗೆ ಸುಮಾರು 5–10 ಕಿ.ಮೀ. ಕೆಳಗೆ ಎಬಿಎಸ್ ಕೆಲಸ ಬಿಡುತ್ತದೆ. ಹಾಗಾಗಿ ಕೊನೆಯ ಕೆಲವು ಮೀಟರು ಕಾರು ತೆವಳುತ್ತಲೇ ಇದ್ದರೆ ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಹಿಡಿದಿರಿ. ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಆರಿಸಿಡಿ. ಎಲೆಕ್ಟ್ರಿಕ್ ಕಾರಾದರೆ, ಕಾಲು ಎತ್ತಿದ ಕೂಡಲೇ ತಾನಾಗಿ ಬ್ರೇಕ್ ಹಿಡಿದು ಬ್ಯಾಟರಿ ತುಂಬುವ ಸೌಲಭ್ಯವನ್ನು ಕಡಿಮೆ ಮಟ್ಟಕ್ಕೆ ಇಳಿಸಿಡಿ. ಮಂಜುಗಡ್ಡೆಯ ತಿರುವಿನಲ್ಲಿ ಆ ದಿಢೀರ್ ಎಳೆತವೇ ಚಕ್ರ ಜಾರಿಸಬಲ್ಲದು.

ಹಂತ 6: ತುರ್ತು ಬ್ರೇಕ್

ಒತ್ತಿ, ಹಿಡಿದಿರಿ, ತಿರುಗಿಸಿ. ಕ್ರಮ ಇಷ್ಟೇ.

*ಒತ್ತಿ:* ಅಳುಕಿಲ್ಲದೆ, ಬಲವಾಗಿ. ಕ್ಲಚ್ ಇರುವ ಕಾರಾದರೆ ಕ್ಲಚ್ಚನ್ನೂ ಒತ್ತಿ.

*ಹಿಡಿದಿರಿ:* ಎಬಿಎಸ್ ಇಲ್ಲದ ಹಳೆಯ ಕಾರುಗಳಲ್ಲಿ ಕಲಿತವರ ಕಾಲು "ಒತ್ತು, ಬಿಡು, ಒತ್ತು" ಎಂದು ಆಡುತ್ತದೆ. ಆ ಕಾರಿಗೆ ಅದು ಸರಿಯಾದ ವಿದ್ಯೆಯೇ. ಎಬಿಎಸ್ ಕಾರಿನಲ್ಲಿ ನೀವು ಬಿಟ್ಟಷ್ಟು ಹೊತ್ತು ಬ್ರೇಕ್ ಇಲ್ಲ, ಅಷ್ಟೇ. ಸೆಕೆಂಡಿಗೆ ಹದಿನೈದು ಬಾರಿ, ಅದೂ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ, ಯಾರ ಕಾಲೂ ಆಡಲಾರದು.

*ತಿರುಗಿಸಿ:* ಡಿಕ್ಕಿಯಾಗಲಿರುವ ವಸ್ತುವಿನ ಮೇಲಿಂದ ಕಣ್ಣು ತೆಗೆದು ಖಾಲಿ ಜಾಗ ನೋಡಿ, ಆ ಕಡೆಗೆ ಸ್ವಲ್ಪವೇ ತಿರುಗಿಸಿ. ಕಾರು ಹೊರಳದಿದ್ದರೆ ಇನ್ನಷ್ಟು ತಿರುಗಿಸಬೇಡಿ, ಬದಲಿಗೆ ತುಸು ಸಡಿಲಿಸಿ. ಪೂರ್ತಿ ತಿರುಗಿದ ಚಕ್ರಕ್ಕೆ ಮುಂದೆ ಒಣ ಡಾಂಬರು ಸಿಕ್ಕಿದರೆ ಕಾರು ಒಮ್ಮೆಲೇ ಆ ಕಡೆ ಚಿಮ್ಮುತ್ತದೆ. ಒಂದು ಬದಿಯ ಚಕ್ರ ಮಂಜುಗಡ್ಡೆಯ ಮೇಲೆ, ಇನ್ನೊಂದು ಬದಿ ಒಣ ರಸ್ತೆಯ ಮೇಲೆ ಇದ್ದರೆ ಕಾರು ಒಣ ಬದಿಗೆ ಎಳೆಯುತ್ತದೆ. ಜಾರು ಬದಿಯ ಕಡೆಗೆ ತುಸು ತಿರುಗಿಸಿ ಹಿಡಿದರೆ ನೇರ ನಿಲ್ಲುತ್ತದೆ. ಕೈಬ್ರೇಕ್ ಎಳೆಯಬೇಡಿ.

ನಿಂತ ಮೇಲೆ ಕನ್ನಡಿ ನೋಡಿ. ನಿಮ್ಮ ಹಿಂದಿನವರಿಗೂ ಅದೇ ಮಂಜುಗಡ್ಡೆ.

ಹಂತ 7: ಇಳಿಜಾರು

ಲೆಕ್ಕ ಇಲ್ಲಿ ಕ್ರೂರವಾಗುತ್ತದೆ. 100 ಮೀಟರ್ ಸಾಗುವಷ್ಟರಲ್ಲಿ 6 ಮೀಟರ್ ಇಳಿಯುವ ರಸ್ತೆಯಲ್ಲಿ, 0.1 ಹಿಡಿತದ ಮಂಜುಗಡ್ಡೆಯ ಮೇಲೆ ನಿಲ್ಲುವ ದೂರ ಎರಡೂವರೆ ಪಟ್ಟು. 10 ಮೀಟರ್ ಇಳಿಯುವ ರಸ್ತೆಯಾದರೆ ಯಾವ ಬ್ರೇಕಿನಿಂದಲೂ ಕಾರು ನಿಲ್ಲುವುದಿಲ್ಲ. ಇದ್ದ ವೇಗದಲ್ಲೇ ಜಾರಿಕೊಂಡು ಹೋಗುತ್ತದೆ. ಆದ್ದರಿಂದ ವೇಗ ಇಳಿಸುವ ಕೆಲಸ ಇಳಿಜಾರು ಶುರುವಾಗುವ *ಮೊದಲು* ಮುಗಿದಿರಬೇಕು. ಮೊದಲ ಅಥವಾ ಎರಡನೇ ಗೇರಿನಲ್ಲಿ, ನಡೆದಷ್ಟು ನಿಧಾನ ಇಳಿಯಿರಿ.

ಬೆಂಗಳೂರಿನಿಂದ ಮನಾಲಿಗೆ ಹೋಗಿ ಬಾಡಿಗೆ ಕಾರು ಹಿಡಿದು ಸೋಲಾಂಗ್, ಅಟಲ್ ಸುರಂಗ, ಸಿಸ್ಸು ಕಡೆ ಹೊರಡುವವರಿಗೂ ಇದು ಅನ್ವಯ. 9.02 ಕಿ.ಮೀ. ಉದ್ದದ ಆ ಸುರಂಗ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಒಳಗೆ ಒಣ ರಸ್ತೆಯಲ್ಲಿ ಓಡಿ, ಅದೇ ವೇಗದಲ್ಲಿ ಬಾಯಿಯಿಂದ ಹೊರಬಂದಾಗ ಚಕ್ರದಡಿ ಮಂಜುಗಡ್ಡೆ ಇರುತ್ತದೆ. ಹಿಮ ಬಿದ್ದ ದಿನಗಳಲ್ಲಿ ಪೊಲೀಸರು ಟೈರಿಗೆ ಹಿಮದ ಚೈನ್ ಸುತ್ತಿದ, ನಾಲ್ಕು ಚಕ್ರ ಎಳೆತದ ವಾಹನವನ್ನಷ್ಟೇ ಬಿಡುವುದುಂಟು. ತಡೆದರೆ ವಾದಿಸದೆ ಹಿಂದಿರುಗಿ. ಚೈನನ್ನು ಎಂಜಿನ್ ತಿರುಗಿಸುವ ಚಕ್ರಗಳಿಗೆ ಹಾಕಿ, ಗಂಟೆಗೆ 50 ಕಿ.ಮೀ. ಮೀರಬೇಡಿ, ಒಣ ಡಾಂಬರು ಸಿಕ್ಕ ಕೂಡಲೇ ಬಿಚ್ಚಿ.

ದೀಪ ಹೊತ್ತಿದರೆ, ಸುಮ್ಮಸುಮ್ಮನೆ ಅದುರಿದರೆ

ಹಳದಿ ಎಬಿಎಸ್ ದೀಪ ಒಂದೇ ಹೊತ್ತಿದ್ದರೆ ಸಾಮಾನ್ಯ ಬ್ರೇಕ್ ಇದೆ, ಎಬಿಎಸ್ ಇಲ್ಲ. ಆಗ ಮಾತ್ರ ಹಳೆಯ ವಿದ್ಯೆಗೆ ಮರಳಿ: ಮೆಲ್ಲಗೆ ಒತ್ತಿ, ಚಕ್ರ ಜಾರಿದರೆ ಬಿಟ್ಟು ಮತ್ತೆ ಒತ್ತಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಳೆಯುವ ಗಾಡಿ ಕರೆಸಿ. ಹಿಂದಿನ ಚಕ್ರಗಳಿಗೆ ಒತ್ತಡ ಹಂಚುವ ವ್ಯವಸ್ಥೆಯೂ ಹೋಗಿರಬಹುದು, ಎಣ್ಣೆಯೇ ಸೋರಿರಬಹುದು.

ಭಾರೀ ಹಿಮದಲ್ಲಿ ಓಡಿಸಿದ ಮೇಲೆ ಹಳದಿ ದೀಪ ಬಂದರೆ ಸಂವೇದಕದ ಸುತ್ತ ಹಿಮ ಕಟ್ಟಿರುವ ಸಾಧ್ಯತೆ ಇದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಕರಗಿಸಿ, ಕಾರು ಆರಿಸಿ ಮತ್ತೆ ಚಾಲೂ ಮಾಡಿ ನೋಡಿ. ಚಿಕ್ಕ ಗಾತ್ರದ ಸ್ಟೆಪ್ನಿ ಹಾಕಿದ್ದರೂ ದೀಪ ಬರಬಹುದು, ಆ ಚಕ್ರ ಉಳಿದವಕ್ಕಿಂತ ವೇಗವಾಗಿ ತಿರುಗುತ್ತದಲ್ಲ.

ಒಣ ರಸ್ತೆಯಲ್ಲಿ, ಇನ್ನೇನು ಕಾರು ನಿಲ್ಲಲಿದೆ ಎನ್ನುವಾಗ, ಗಂಟೆಗೆ 10 ಕಿ.ಮೀ. ಆಸುಪಾಸಿನಲ್ಲಿ ಪೆಡಲ್ ಸುಮ್ಮನೆ ಅದುರುವುದು ಉಪ್ಪಿನ ಊರುಗಳ ಹಳೆಯ ರೋಗ. ಸಂವೇದಕದ ಕೆಳಗೆ ತುಕ್ಕು ಉಬ್ಬಿ ಅದನ್ನು ಉಂಗುರದಿಂದ ದೂರ ಎತ್ತಿರುತ್ತದೆ, ಇಲ್ಲವೇ ಉಂಗುರವೇ ತುಕ್ಕಿಗೆ ಸೀಳಿರುತ್ತದೆ. ನಿಧಾನ ವೇಗದಲ್ಲಿ ಸಂಕೇತ ಕ್ಷೀಣಿಸಿ, ಚಕ್ರ ಲಾಕ್ ಆಯಿತು ಎಂದು ಪೆಟ್ಟಿಗೆ ತಪ್ಪು ತಿಳಿದು ಬ್ರೇಕ್ ಸಡಿಲಿಸುತ್ತದೆ. ದೀಪ ಹೊತ್ತದೆಯೂ ಇರಬಹುದು. ಹೆಚ್ಚು ಸಲ ಇದರ ಮದ್ದು ಸುಲಭ: ಸಂವೇದಕ ಬಿಚ್ಚಿ, ಕೂರುವ ಜಾಗದ ತುಕ್ಕು ಕೆರೆದು, ಮತ್ತೆ ಕೂರಿಸುವುದು. ಉಪ್ಪಿಗೆ ಹಿಡಿದುಕೊಂಡ ಪ್ಲಾಸ್ಟಿಕ್ ಸಂವೇದಕ ಬಿಚ್ಚುವಾಗ ಮುರಿಯುವುದು ಮಾಮೂಲು, ಹೊಸದೊಂದನ್ನು ಕೈಯಲ್ಲಿ ಇಟ್ಟುಕೊಂಡೇ ಶುರುಮಾಡಿಸಿ. ನಾಲ್ಕೂ ಚಕ್ರದ ವೇಗವನ್ನು ಸ್ಕ್ಯಾನರಿನಲ್ಲಿ ನೋಡುತ್ತಾ ಕಾರನ್ನು ನಿಧಾನವಾಗಿ ನಿಲ್ಲಿಸಿದರೆ ಉಳಿದವಕ್ಕಿಂತ ಮೊದಲೇ ಸೊನ್ನೆಗೆ ಬೀಳುವ ಚಕ್ರ ಯಾವುದೆಂದು ಕಾಣುತ್ತದೆ. ಇದನ್ನು ನೋಡದೆ ಇಡೀ ಎಬಿಎಸ್ ಪೆಟ್ಟಿಗೆ ಬದಲಿಸಬೇಕು ಎನ್ನುವ ಗ್ಯಾರೇಜಿಗೆ ದುಡ್ಡು ಕೊಡಬೇಡಿ.